ಅಂಗಡಿಯವನ ಮಾತು, ಶ್ರಾವಕನ ವ್ರತ

ಶ್ರಾವಕನು ಆಹಾರದ ವಿಷಯದಲ್ಲಿ ಪಾಲಿಸತಕ್ಕ ನಿಯಮಗಳು ಮನೆಯ ಅಡಿಗೆಯನ್ನು ಎದುರಿಗಿಟ್ಟುಕೊಂಡು ರೂಪುಗೊಂಡವು. ಸೋಸಿದ ನೀರಿಗೆ ಎರಡು ಗಳಿಗೆಯ, ಎಂದರೆ 48 ನಿಮಿಷಗಳ ಮರ್ಯಾದೆ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ. ಹೊತ್ತು ಮುಳುಗುವ ಮುನ್ನ ಊಟ. ನೀರು ಸೋಸುವ ಬಟ್ಟೆ ಯಾವ ಗೂಟಕ್ಕೆ ತೂಗುತ್ತಿದೆ, ಹಿಟ್ಟು ಎಂದು ಬೀಸಿದ್ದು ಎಂಬುದನ್ನು ಬಲ್ಲ ಗೃಹಿಣಿ ಇರುವಲ್ಲಿ ಇವು ಕಠಿಣವಲ್ಲ. ಅದೇ ಶ್ರಾವಕನು ಹೊಸ್ತಿಲು ದಾಟಿ ಊರ ಅಂಗಡಿಯ ಬೆಂಚಿನ ಮೇಲೆ ಕುಳಿತನೆಂದರೆ ನೀರು, ಹಿಟ್ಟು, ಎಣ್ಣೆ ಮೂರೂ ಅವನ ಕೈ ತಪ್ಪಿ ಹೋಗುತ್ತವೆ. ಅಲ್ಲಿ ಅವನ ಪಾಲಿಗೆ ಉಳಿಯುವುದು ಅಂಗಡಿಯವನ ಬಾಯಿಮಾತೊಂದೇ. ಇನ್ನೊಬ್ಬನ ಬಾಯಿಮಾತಿನ ಮೇಲೆ ತನ್ನ ವ್ರತವನ್ನು ನಿಲ್ಲಿಸಬಹುದೇ, ನಿಲ್ಲಿಸಿದರೆ ಅದರ ಹೊಣೆ ಯಾರದು ಎಂಬ ಪ್ರಶ್ನೆ ಇಂದು ಎಷ್ಟೋ ಮನೆಗಳಲ್ಲಿ ಏಳುತ್ತಿದೆ.

ಕೊಪ್ಪಳ ಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. 9ನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ಅದು ಜೈನರ ಮಹಾತೀರ್ಥವಾಗಿತ್ತು. ಆಹಾರವನ್ನೇ ಕ್ರಮವಾಗಿ ತ್ಯಜಿಸಿ ದೇಹ ಬಿಟ್ಟವರ ನೆನಪನ್ನು ಅಲ್ಲಿನ ಕಲ್ಲುಗಳು ಉಳಿಸಿಕೊಂಡಿವೆ. ಇಂದು ಆ ಸೀಮೆಯ ಹಳ್ಳಿಗಳಲ್ಲಿ ಜೈನರ ಮನೆಗಳು ವಿರಳ. ಅಕ್ಕಪಕ್ಕದವರು, ಶಾಲೆಯ ಜೊತೆಗಾರರು, ಹೊಲದ ನೆರೆಯವರು ಎಲ್ಲರೂ ಬೇರೆ ಮತದವರು. ಅವರಲ್ಲಿ ಬಹುಮಂದಿ ಶಾಕಾಹಾರಿಗಳೇ, ಆದರೆ ಉಳ್ಳಾಗಡ್ಡಿ ಬೆಳ್ಳುಳ್ಳಿಗಳಿಲ್ಲದ ಒಗ್ಗರಣೆಯನ್ನು ಅವರು ಕಂಡವರಲ್ಲ. ಜೈನರಿಗೆಂದೇ ನಡೆಯುವ ಖಾನಾವಳಿಯನ್ನು ಅಂಥ ಊರಿನಲ್ಲಿ ನಿರೀಕ್ಷಿಸುವಂತಿಲ್ಲ.

ಕೊಪ್ಪಳ ತಾಲ್ಲೂಕಿನ ಅಳವಂಡಿಯಂಥ ಊರೊಂದರ ಸಂಜೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ನಾಲ್ಕು ಗಂಟೆ ಹೊಡೆಯುತ್ತಲೇ ಮಿರ್ಚಿ ಅಂಗಡಿಯ ಒಲೆ ಹೊತ್ತುತ್ತದೆ. ಒಂದು ಬೋಗುಣಿಯಲ್ಲಿ ಓಂಕಾಳು ಬೆರೆಸಿದ ಕಡಲೆಹಿಟ್ಟು. ಅದರಲ್ಲಿ ಅದ್ದಿದ ಉದ್ದ ಮೆಣಸಿನಕಾಯಿ ಕಾದ ಎಣ್ಣೆಗೆ ಇಳಿಯುತ್ತದೆ. ಇನ್ನೊಂದು ಪಾತ್ರೆಯಲ್ಲಿ ಗಿರ್ಮಿಟ್ಟಿನ ಗೊಜ್ಜು: ಉಳ್ಳಾಗಡ್ಡಿ, ಟೊಮ್ಯಾಟೊ, ಹುಣಸೆಹುಳಿ, ಬೆಲ್ಲ ಎಲ್ಲವೂ ಎಣ್ಣೆಯಲ್ಲಿ ಬೆಂದು ಒಂದಾದದ್ದು. ಅದಕ್ಕೆ ಮಂಡಕ್ಕಿ ಸುರಿದು ಕಲಸಿ, ಮೇಲೆ ಪುಟಾಣಿಹಿಟ್ಟು ಉದುರಿಸಿ, ಹೆಚ್ಚಿದ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಹಾಕಿ ಕಾಗದದ ಮೇಲಿಟ್ಟು ಕೊಡುತ್ತಾರೆ. ಹತ್ತಿಪ್ಪತ್ತು ರೂಪಾಯಿಗೆ ದೊರೆಯುವ ಈ ತಿಂಡಿಯ ಸುತ್ತ ಊರಿನ ಅರ್ಧ ಮಾತುಕತೆ ನಡೆಯುತ್ತದೆ. ಮಳೆಯ ಸುದ್ದಿ, ಕಡಲೆಯ ಧಾರಣಿ, ಮಕ್ಕಳ ಮದುವೆ ಎಲ್ಲಕ್ಕೂ ಅದೇ ಬೆಂಚು. ಅಲ್ಲಿಗೆ ಹೋಗಲೇಬೇಡ ಎಂದು ತರುಣನಿಗೆ ಹೇಳುವವರು, ಅವನಿಗೆ ಬೇಡವೆನ್ನುತ್ತಿರುವುದು ತಿಂಡಿಯೊಂದನ್ನೇ ಅಲ್ಲ ಎಂಬುದನ್ನು ಅರಿತು ಹೇಳಬೇಕು.

ಚಾತುರ್ಮಾಸದಲ್ಲಿ ಮುನಿಗಳ ಸನ್ನಿಧಿಯಲ್ಲಿ ಕಂದಮೂಲ ತ್ಯಾಗದ ನಿಯಮ ಹಿಡಿದ ಒಬ್ಬ ತರುಣನು ಸಂಜೆ ಐದರ ಸುಮಾರಿಗೆ ಮೂವರು ಗೆಳೆಯರೊಡನೆ ಆ ಬೆಂಚಿಗೆ ಬಂದನೆಂದು ಇಟ್ಟುಕೊಳ್ಳೋಣ. ಗೆಳೆಯರು ಗಿರ್ಮಿಟ್ಟು ಹೇಳಿದರು. ತರುಣನು ಕೇಳಿದನು: “ಕಾಕಾ, ಇದರಾಗ ಉಳ್ಳಾಗಡ್ಡಿ ಐತೇನು?” ಅಂಗಡಿಯವನು ಕೈ ನಿಲ್ಲಿಸದೆ, “ನಿನಗ ಹಾಕಂಗಿಲ್ಲ ತಮ್ಮಾ, ತಿನ್ನು” ಎಂದನು. ತರುಣನು ತಿಂದನು. ಎರಡು ದಿನಗಳ ಮೇಲೆ ಸ್ವಲ್ಪ ಮುಂಚಿತವಾಗಿ ಅತ್ತ ಹೋದಾಗ, ಗೊಜ್ಜಿನ ಪಾತ್ರೆಗೆ ಉಳ್ಳಾಗಡ್ಡಿ ಹೆಚ್ಚಿ ಹಾಕುತ್ತಿದ್ದುದು ಕಣ್ಣಿಗೆ ಬಿತ್ತು. ಅವನು ಗಿರಾಕಿಗಳ ಎದುರಿನಲ್ಲಿಯೇ ಆ ಮುದುಕನನ್ನು ಸುಳ್ಳುಗಾರನೆಂದು ನಿಂದಿಸಿದನು. ಮುದುಕನು ಗಾಬರಿಯಾಗಿ, “ಮ್ಯಾಲೆ ಹಾಕಿದ್ದಿಲ್ಲಲ್ಲೋ ತಮ್ಮಾ, ಗೊಜ್ಜಿನ್ಯಾಗಿಂದು ಕರಗೇ ಹೋಗಿರತೈತಿ” ಎಂದನಂತೆ.

ಮನೆಗೆ ಬಂದ ತರುಣನ ವಾದ ಇದು: “ಅಜ್ಜಾ, ನಾ ಕೇಳೇ ತಿಂದೀನಿ. ಸುಳ್ಳು ಹೇಳಿದಾವ ಅವ, ಪಾಪನೂ ಅವಂದ.” ಅಜ್ಜನು ಕೇಳಿದ್ದು ಒಂದೇ ಮಾತು: “ಬಾಯಿ ಕೇಳಿತು, ಖರೆ. ಕಣ್ಣ ಎಲ್ಲಿಟ್ಟಿದ್ದಿ?”

ತರುಣನ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಗೆ ಲಕ್ಷಣ ಹೇಳುವಾಗ ಪ್ರಾಣಹಾನಿಯೊಂದನ್ನೇ ಎಣಿಸದೆ ಪ್ರಮಾದವನ್ನು ಮುಂದಿಡುತ್ತದೆ. ನೆಲ ನೋಡಿ ನಡೆಯುವ ಮುನಿಯ ಹೆಜ್ಜೆಯಡಿ ಹಾರಿಬಂದ ಕ್ರಿಮಿ ಸತ್ತರೆ ಆತನಿಗೆ ಹಿಂಸೆಯ ಬಂಧವಿಲ್ಲ. ನೋಡದೆ ನಡೆಯುವವನ ಕಾಲಡಿ ಏನೂ ಸಾಯದಿದ್ದರೂ ಅವನು ಹಿಂಸಕನೇ. ಹಾಗಾದರೆ ಕೇಳಿ ತಿಳಿದುಕೊಂಡು ತಿಂದವನು ಎಚ್ಚರದಿಂದ ಇದ್ದವನಲ್ಲವೇ, ಮೋಸವಾದರೆ ಅವನೇನು ಮಾಡಿಯಾನು ಎಂಬ ಶಂಕೆ ಸಹಜ.

ಇಲ್ಲೊಂದು ಸೂಕ್ಷ್ಮವಿದೆ. ಅದೇ ಅಧ್ಯಾಯವು ಅಹಿಂಸಾವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳಲ್ಲಿ ಆಲೋಕಿತಪಾನಭೋಜನವನ್ನು ಸೇರಿಸಿದೆ. ಕಂಡು ಉಣ್ಣುವುದು, ಕಂಡು ಕುಡಿಯುವುದು ಎಂದು ಅದರ ಅರ್ಥ. ಕಾಣಲಾಗದಲ್ಲಿ ಕೇಳಬಹುದು. ಕಾಣಬಹುದಾದಲ್ಲಿ ಕೇಳುವುದು ಎಚ್ಚರವೆನಿಸಲಾರದು. ಗೊಜ್ಜಿನ ಪಾತ್ರೆ ತರುಣನಿಂದ ಎರಡು ಮೊಳ ದೂರದಲ್ಲಿ, ಮುಚ್ಚಳವಿಲ್ಲದೆ ಇತ್ತು. ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದ್ದರೆ ಸಾಕಿತ್ತು. ಅವನು ನೋಡಲಿಲ್ಲ, ಏಕೆಂದರೆ ನೋಡಿದರೆ ತಿನ್ನುವಂತಿಲ್ಲವೆಂಬುದು ಅವನ ಮನಸ್ಸಿನ ಮೂಲೆಯಲ್ಲಿ ಗೊತ್ತಿತ್ತು. ಕೇಳಿದರೆ ಮಾತ್ರ ‘ಇಲ್ಲ’ ಎಂಬ ಉತ್ತರ ಸಿಗುವ ಸಂಭವವಿತ್ತು.

ವ್ರತಭಂಗದ ಮೆಟ್ಟಿಲುಗಳನ್ನು ಹೇಳುವಾಗ ಪಂಡಿತರು ಪೈರಿನ ಹೊಲದ ಬೇಲಿಯ ಬಳಿ ನಿಂತ ಎತ್ತಿನ ಹೋಲಿಕೆ ಕೊಡುವುದುಂಟು. ಎತ್ತಿಗೆ ಪೈರಿನ ಆಸೆ ಹುಟ್ಟಿದ್ದು ಅತಿಕ್ರಮ. ಬೇಲಿಯ ಸಂದಿಯಲ್ಲಿ ಮೂತಿ ತೂರಿಸಿದ್ದು ವ್ಯತಿಕ್ರಮ. ಒಂದು ಬಾಯಿ ಮೇದದ್ದು ಅತಿಚಾರ. ಬೇಲಿ ಮುರಿದು ಒಳಹೊಕ್ಕು ಮೇದದ್ದು ಅನಾಚಾರ. ತರುಣನು ವ್ರತ ತಪ್ಪಿದ್ದು ಗಿರ್ಮಿಟ್ಟು ಬಾಯಿಗಿಟ್ಟಾಗ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ವಿಚಾರಿಸಿ ನೋಡಿದರೆ ಅತಿಕ್ರಮವು ಅವನು ಪ್ರಶ್ನೆ ಕೇಳಿದ ಧಾಟಿಯಲ್ಲಿಯೇ ಆಗಿಹೋಗಿತ್ತು. ಒಗ್ಗರಣೆಯ ಘಮಕ್ಕೆ ಮನಸ್ಸು ಸೋತಿತ್ತು. ಸೋತ ಮನಸ್ಸು ಒಬ್ಬ ಜಾಮೀನುದಾರನನ್ನು ಹುಡುಕುತ್ತಿತ್ತು. ಮಿರ್ಚಿ ಕರಿಯುವ ಬಡ ಮುದುಕ ಜಾಮೀನಾಗಿ ಸಿಕ್ಕಿದನು.

ಮುದುಕನು ಆಡಿದ್ದು ಅಸತ್ಯವೇ? ಅವನ ಭಾಷೆಯಲ್ಲಿ ‘ಉಳ್ಳಾಗಡ್ಡಿ ಹಾಕುವುದು’ ಎಂದರೆ ಮೇಲೆ ಹಸಿದನ್ನು ಉದುರಿಸುವುದು. ಬಾಯಿ ವಾಸನೆಗೆ ಹೇಸಿ ‘ಉಳ್ಳಾಗಡ್ಡಿ ಬ್ಯಾಡ’ ಎನ್ನುವ ಗಿರಾಕಿಗಳು ದಿನವೂ ಬರುತ್ತಾರೆ. ಅವರಿಗೆ ಈ ಉತ್ತರ ಪೂರ್ತಿ ಸತ್ಯ. ಅನಂತಕಾಯವೆಂದರೇನು, ಒಂದೇ ಶರೀರವನ್ನು ಅನಂತ ಜೀವಗಳು ಹಂಚಿಕೊಂಡಿರುವ ಸಾಧಾರಣ ವನಸ್ಪತಿ ಎಂದರೇನು, ಬೆಂದು ಕರಗಿದರೂ ಅದನ್ನು ಕೀಳಿಸಿ ತರಿಸಿದ ದೋಷ ಕರಗುವುದಿಲ್ಲವೇಕೆ ಎಂಬುದನ್ನು ಅವನಿಗೆ ಯಾರೂ ಹೇಳಿಲ್ಲ. ತರುಣನೂ ಹೇಳಲಿಲ್ಲ. ಒಂದೇ ಪದವನ್ನು ಇಬ್ಬರೂ ಬೇರೆ ಬೇರೆ ಅರ್ಥದಲ್ಲಿ ಆಡಿದರು; ತಿಳಿಸಿ ಹೇಳಬೇಕಾದವನು ವ್ರತವುಳ್ಳವನೇ.

ಅಂಗಡಿಯವನು ತಿಳಿದೂ ಸುಳ್ಳಾಡಿದ್ದನೆಂದೇ ಭಾವಿಸಿದರೂ ತರುಣನ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು ಎಂಬ ಕೃತ, ಕಾರಿತ, ಅನುಮೋದನಗಳು ಮೂರೂ ಆಸ್ರವಕ್ಕೆ ದ್ವಾರಗಳೆಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ನಾಲ್ವರು ಗಿರಾಕಿಗಳು ಎದ್ದುಹೋದರೆ ಆ ಸಂಜೆಯ ಎಣ್ಣೆಯ ಖರ್ಚು ಹುಟ್ಟದ ಬಡವನನ್ನು, ಸತ್ಯ ಹೇಳಿದರೆ ನಷ್ಟ, ಸುಳ್ಳು ಹೇಳಿದರೆ ಲಾಭ ಎಂಬ ಇಕ್ಕಟ್ಟಿನಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದವರಾರು? ತನ್ನ ಒಂದು ವ್ರತಕ್ಕಾಗಿ ಇನ್ನೊಬ್ಬನಿಂದ ಅಸತ್ಯವನ್ನು ಹೊರಡಿಸಿದರೆ ಅದು ಕಾರಿತವಲ್ಲದೆ ಮತ್ತೇನು? ಉಳಿದ ವ್ರತಗಳು ಅಹಿಂಸೆಯೆಂಬ ಪೈರಿಗೆ ಬೇಲಿ ಇದ್ದಂತೆ ಎಂಬ ವಿವರಣೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿದೆ. ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯವು ಇನ್ನೂ ಮುಂದೆ ಹೋಗಿ ಅಸತ್ಯಾದಿಗಳೆಲ್ಲ ಹಿಂಸೆಯ ರೂಪಗಳೇ ಎನ್ನುತ್ತದೆ. ಅಂಗಡಿಯಲ್ಲಿ ಪೈರನ್ನು ಉಳಿಸಿದೆನೆಂಬ ಭ್ರಮೆಯಲ್ಲಿ ಬೇಲಿಯನ್ನೇ ಕಿತ್ತಂತಾಯಿತು.

ಮಿರ್ಚಿಯ ವಿಷಯ ಗಿರ್ಮಿಟ್ಟಿಗಿಂತ ಬೇರೆ. ಅದರ ಹಿಟ್ಟಿನಲ್ಲಿ ಉಳ್ಳಾಗಡ್ಡಿ ಇರುವುದಿಲ್ಲ. ಆದರೆ ಅದೇ ಎಣ್ಣೆಯಲ್ಲಿ ಉಳ್ಳಾಗಡ್ಡಿ ಭಜಿಯೂ ಆಲೂಬೋಂಡವೂ ತೇಲಿರುತ್ತವೆ. ಭೋಗೋಪಭೋಗ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವ ಸೂತ್ರವು ಸಚಿತ್ತಾಹಾರ, ಸಚಿತ್ತಕ್ಕೆ ತಗುಲಿದ ಆಹಾರ, ಸಚಿತ್ತ ಬೆರೆತ ಆಹಾರ ಎಂದು ಮೂರನ್ನು ಬೇರೆಬೇರೆಯಾಗಿಯೇ ಎಣಿಸುತ್ತದೆ. ಆ ಸೂತ್ರ ಕರಿದ ಉಳ್ಳಾಗಡ್ಡಿಯನ್ನು ಕುರಿತದ್ದಲ್ಲ. ಆದರೂ ಸಂಬಂಧವೇ ಬೇರೆ, ಸಮ್ಮಿಶ್ರವೇ ಬೇರೆ ಎಂಬ ವಿವೇಕವನ್ನು ಅಲ್ಲಿಂದ ಕಲಿಯಬಹುದು. ಒಂದೇ ಎಣ್ಣೆಯ ದೋಷ ಸಂಬಂಧದ್ದು, ಗೊಜ್ಜಿನ ದೋಷ ಸಮ್ಮಿಶ್ರದ್ದು. ಇನ್ನು ಪೊಟ್ಟಣದ ಕಡಲೆಹಿಟ್ಟು ಎಂದು ಬೀಸಿದ್ದೋ ಅಂಗಡಿಯವನಿಗೂ ತಿಳಿಯದು. ಮಿರ್ಚಿಯ ಜೊತೆ ಮೊಸರಿನ ಚಟ್ನಿ ಕೊಟ್ಟರೆ ದ್ವಿದಳದ ದೋಷ ಬಂದೇ ಬಂತು. ಹೊತ್ತು ಮುಳುಗಿದ ಮೇಲಂತೂ ವಿದ್ಯುದ್ದೀಪಕ್ಕೆ ಮುತ್ತಿದ ಮಳೆಗಾಲದ ಹುಳುಗಳು ಬಾಣಲೆಯಲ್ಲಿ ಬೀಳುವುದನ್ನು ನೋಡಿದವರಿಗೆ, ದೀಪ ಪ್ರಖರವಾದುದರಿಂದ ರಾತ್ರಿಭೋಜನದ ದೋಷ ಹೋಯಿತೆಂಬ ವಾದದ ಪೊಳ್ಳುತನ ಬೇರೆ ಹೇಳಬೇಕಾಗಿಲ್ಲ.

ಇಂಥ ಅಜ್ಜನ ಇನ್ನೊಬ್ಬ ಮೊಮ್ಮಗನು ಅಮೆರಿಕೆಯ ಟೆಕ್ಸಾಸಿನಲ್ಲಿ ಉದ್ಯೋಗದಲ್ಲಿದ್ದರೆ ಅಲ್ಲಿಂದಲೂ ಇದೇ ಪ್ರಶ್ನೆ ಬರುತ್ತದೆ. ಉತ್ತರ ಅಮೆರಿಕೆಯ ಜೈನ ಸಂಘಗಳು 1981ರಲ್ಲಿಯೇ ಒಂದು ಒಕ್ಕೂಟವಾದವು, ದೊಡ್ಡ ನಗರಗಳಲ್ಲಿ ಜಿನಮಂದಿರಗಳೂ ಆಗಿವೆ. ಆದರೆ ಮಧ್ಯಾಹ್ನದ ಹಸಿವಿಗೆ ಕಚೇರಿಯ ಬೀದಿಯಲ್ಲಿ ಸಿಗುವುದು ಮೆಕ್ಸಿಕೊದವರ ಟಾಕೇರಿಯಾ ಎಂಬ ಪುಟ್ಟ ಉಪಾಹಾರಗೃಹ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ತಟ್ಟಿ, ಕಾವಲಿಯ ಮೇಲೆ ಸುಟ್ಟ ಟೊರ್ಟಿಯಾ ಎಂಬ ರೊಟ್ಟಿಯನ್ನು ಕಂಡರೆ ಕೊಪ್ಪಳದ ಹುಡುಗನಿಗೆ ಜೋಳದ ರೊಟ್ಟಿಯ ನೆನಪು ಬಾರದಿರದು. ಅದರಲ್ಲಿ ಬೇಯಿಸಿದ ಕಾಳು, ಟೊಮ್ಯಾಟೊ, ಮೆಣಸಿನಕಾಯಿ ಇಟ್ಟು ಮಡಚಿದರೆ ಟಾಕೊ. ಮೆಣಸಿನಕಾಯಿಯ ತವರೇ ಆ ಸೀಮೆ; 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅದು ಈ ಕಡೆಗೆ ಬಂದಿತು. ಟೊಮ್ಯಾಟೊ, ಆಲೂಗಡ್ಡೆಗಳೂ ಅಮೆರಿಕೆಯಿಂದ ಬಂದವೇ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಮೂಲಂಗಿ, ಹಸಿಶುಂಠಿಗಳನ್ನು ಹೆಸರಿಸಿದರು. ಆಲೂಗಡ್ಡೆಯನ್ನು ಹೆಸರಿಸುವ ಹಾಗಿರಲಿಲ್ಲ. ಆದರೂ ಯಾವ ಶ್ರಾವಕನೂ ಅದನ್ನು ಶಾಸ್ತ್ರಕ್ಕೆ ಹೊರಗೆಂದು ತಿನ್ನಲಿಲ್ಲ. ಪ್ರಯೋಜನ ಸ್ವಲ್ಪ, ಜೀವಘಾತ ಬಹಳ ಎಂಬ ಲಕ್ಷಣವನ್ನು ನೋಡಿದರು, ಹೆಸರನ್ನು ನೋಡಲಿಲ್ಲ.

ಆ ಉಪಾಹಾರಗೃಹದಲ್ಲಿ ‘ಇದರಲ್ಲಿ ಮಾಂಸವಿದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ, ಹೇಳಿದವನ ಮನಸ್ಸಿನಲ್ಲಿ ಕಪಟವೂ ಇರುವುದಿಲ್ಲ. ಆದರೆ ಕಾಳನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುವುದು ಅವರ ಹಳೆಯ ರೂಢಿ; ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವ ಪದ್ಧತಿಯೂ ಉಂಟು. ಅವರ ಎಣಿಕೆಯಲ್ಲಿ ಮಾಂಸವೆಂದರೆ ತುಂಡು. ಕೊಬ್ಬು, ಸಾರುಗಳು ಒಗ್ಗರಣೆಯ ಬಾಬತ್ತು. ಅಳವಂಡಿಯ ಮುದುಕನ ಉತ್ತರ ಯಾವ ಜಾತಿಯದೋ ಇದೂ ಅದೇ ಜಾತಿಯದು. ಫಲ ಮಾತ್ರ ಬಹಳ ಭಾರವಾದದ್ದು. ಗಿರ್ಮಿಟ್ಟಿನಲ್ಲಿ ತಪ್ಪಿದ್ದು ನಾಲ್ಕು ತಿಂಗಳಿಗೆಂದು ಹಿಡಿದ ನಿಯಮ. ಇಲ್ಲಿ ತಪ್ಪುವುದು ಮದ್ಯ, ಮಾಂಸ, ಮಧುಗಳ ತ್ಯಾಗವೆಂಬ ಮೂಲಗುಣವೇ; ಅದಿಲ್ಲದೆ ಶ್ರಾವಕನೆಂಬ ಹೆಸರೇ ಇಲ್ಲ. ಆದುದರಿಂದ ಅಲ್ಲಿರುವ ತರುಣನು ‘ಮಾಂಸವಿದೆಯೇ’ ಎಂದು ಕೇಳಿ ಸುಮ್ಮನಾಗದೆ, ಕಾಳನ್ನು ಯಾವ ಕೊಬ್ಬಿನಲ್ಲಿ ಹುರಿದದ್ದು, ಅನ್ನವನ್ನು ಯಾವ ನೀರಿನಲ್ಲಿ ಬೇಯಿಸಿದ್ದು, ಮಾಂಸ ಸುಡುವ ಕಾವಲಿಯೇ ರೊಟ್ಟಿಗೂ ಬಳಕೆಯಲ್ಲಿದೆಯೇ ಎಂದು ಒಂದೊಂದಾಗಿ ಕೇಳಬೇಕು. ಕಾವಲಿ ಎದುರಿಗೇ ಇದ್ದರೆ ನೋಡಬೇಕು. ಉತ್ತರ ತಡವರಿಸಿದರೆ ಬಾಳೆಹಣ್ಣು ಕೊಂಡು ಹೊರಬರಬೇಕು. ಇದರಿಂದ ಗೆಳೆಯರೆದುರು ಆಗುವ ಸಂಕೋಚ ಸಣ್ಣದಲ್ಲ. ಅಷ್ಟು ಸಂಕೋಚವನ್ನು ತಾಳಲಾರದವನು ಅಲ್ಲಿ ಊಟಕ್ಕೆ ಕೂಡದಿರುವುದೇ ಲೇಸು.

ಸಂಕೋಚದ ಮಾತು ಬಂದುದರಿಂದ ಇನ್ನೊಂದು ದೋಷವನ್ನೂ ಹೇಳಬೇಕಾಗುತ್ತದೆ. ಇದನ್ನು ಹಿರಿಯರು ತರುಣರಿಗಿಂತ ಹೆಚ್ಚಾಗಿ ಮಾಡುತ್ತಾರೆ. ನೆರೆಮನೆಯವರು ತಟ್ಟೆ ಮುಂದಿಟ್ಟಾಗ ‘ಹೊಟ್ಟೆ ಸರಿಯಿಲ್ಲ’, ‘ಈಗಷ್ಟೇ ಉಂಡು ಬಂದೆ’, ‘ಇಂದು ನೋಂಪಿ’ ಎಂದು ಹೇಳಿ ತಪ್ಪಿಸಿಕೊಳ್ಳುವುದು ರೂಢಿಯಾಗಿದೆ. ಹೊಟ್ಟೆ ಚೆನ್ನಾಗಿಯೇ ಇರುತ್ತದೆ, ನೋಂಪಿ ಇರುವುದಿಲ್ಲ. ನೆರೆಯವರ ಮನಸ್ಸು ನೋಯಬಾರದೆಂಬ ಉದ್ದೇಶ ಒಳ್ಳೆಯದು. ಆದರೆ ಶಲ್ಯವಿಲ್ಲದವನೇ ವ್ರತಿ ಎನ್ನುವ ಶಾಸ್ತ್ರವು ಎಣಿಸುವ ಮೂರು ಶಲ್ಯಗಳಲ್ಲಿ ಮೊದಲನೆಯದು ಮಾಯೆ, ಅರ್ಥಾತ್ ಕಪಟ. ಮುಳ್ಳು ಕಾಲಲ್ಲಿದ್ದೂ ನಡಿಗೆ ಸರಿಯಿದೆಯೆಂದು ತೋರಿಸಿದರೆ ಎಷ್ಟು ದೂರ ನಡೆದಾನು? ಇದಕ್ಕೆ ವಿರುದ್ಧವಾದ ಅತಿರೇಕವೂ ಉಂಟು: ‘ನಿಮ್ಮ ಮನೆಯ ನೀರು ಸೋಸಿದ್ದಲ್ಲ, ನಿಮ್ಮ ಅಡಿಗೆ ಅಭಕ್ಷ್ಯ’ ಎಂದು ಮುಖಕ್ಕೆ ಹೇಳಿ ಬರುವುದು. ಎಂಟು ಮದಗಳಲ್ಲಿ ತಪಸ್ಸಿನ ಮದವೂ ಒಂದು ಎಂಬುದನ್ನು ಅಂಥವರು ಮರೆತಿರುತ್ತಾರೆ. ‘ನನಗೊಂದು ನಿಯಮ ಉಂಟು, ಗಡ್ಡೆಗೆಣಸು ತಿನ್ನುವುದಿಲ್ಲ, ಎರಡು ಬಾಳೆಹಣ್ಣು ಕೊಡಿರಿ’ ಎಂಬಷ್ಟು ಮಾತಿನಿಂದ ಯಾರ ಮನಸ್ಸೂ ನೋಯದು. ಉತ್ತರ ಕರ್ನಾಟಕದ ಯಾವ ಮನೆಯಲ್ಲಿಯೂ ನಿಯಮವುಳ್ಳವನನ್ನು ಹಳಿಯುವುದಿಲ್ಲ; ವಾರ ಹಿಡಿಯುವುದು, ಒಪ್ಪತ್ತು ಮಾಡುವುದು ಅವರಿಗೂ ಗೊತ್ತು.

ವ್ರತ ದೊಡ್ಡದಾದಷ್ಟೂ ಸುಳ್ಳಿನ ಆಸರೆ ಹೆಚ್ಚು ಬೇಕಾಗುತ್ತದೆಂದು ಕೆಲವರ ಅನುಭವ. ಅಂಥವರು ಖದಿರಸಾರನ ಕಥೆಯನ್ನು ನೆನೆಯಬಹುದು. ಆ ಬೇಡನಿಗೆ ಮುನಿಗಳು ಕೊಟ್ಟದ್ದು ಕಾಗೆಯ ಮಾಂಸವೊಂದನ್ನು ಬಿಡುವ ನಿಯಮ. ಬೇಡನಾದವನಿಗೆ ಇದಕ್ಕಿಂತ ಚಿಕ್ಕ ನಿಯಮ ಕೊಡುವುದು ಸಾಧ್ಯವಿರಲಿಲ್ಲ. ಮುಂದೆ ರೋಗ ಬಂದಾಗ ಅದೇ ಮಾಂಸ ಔಷಧವೆಂದು ವೈದ್ಯನು ಹೇಳಿದನು, ಬಂಧುಗಳು ಒತ್ತಾಯಿಸಿದರು, ಅವನು ಒಪ್ಪದೆ ಪ್ರಾಣ ಬಿಟ್ಟನು. ಅದೇ ಜೀವವು ಮುಂದೆ ಮಗಧದ ಶ್ರೇಣಿಕ ಮಹಾರಾಜನಾಗಿ ಮಹಾವೀರಸ್ವಾಮಿಯ ಸಮವಸರಣದಲ್ಲಿ ಕುಳಿತಿತೆಂದು ಪುರಾಣ ಹೇಳುತ್ತದೆ. ಆ ಒಂದು ನಿಯಮಕ್ಕೆ ಅವನು ಯಾರನ್ನೂ ಜಾಮೀನಾಗಿ ನಿಲ್ಲಿಸಲಿಲ್ಲ. ಕಂದಮೂಲ ತ್ಯಾಗವನ್ನು ಅಂಗಡಿಯಲ್ಲಿ ಉಳಿಸಿಕೊಳ್ಳಲಾರೆನೆನ್ನುವ ತರುಣನು, ಅಷ್ಟಮಿ ಚತುರ್ದಶಿಗಳಂದು ಮನೆಯ ಹೊರಗೆ ಏನನ್ನೂ ತಿನ್ನುವುದಿಲ್ಲವೆಂಬ ಚಿಕ್ಕ ನಿಯಮದಿಂದ ಮುನಿಗಳ ಅನುಮತಿ ಪಡೆದು ಮತ್ತೆ ಆರಂಭಿಸಿದರೆ ನಗಬೇಕಾದುದಿಲ್ಲ. ಒಮ್ಮೆ ತಪ್ಪಿದನೆಂದು ಮನೆಯವರು ಹಂಗಿಸಿ, ಅವನು ‘ಹೋದದ್ದು ಹೋಯಿತು’ ಎಂದು ಎಲ್ಲವನ್ನೂ ಕೈಬಿಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಜಾರಿದವನನ್ನು ಹಿಡಿದು ನಿಲ್ಲಿಸುವ ಸ್ಥಿತಿಕರಣವು ಸಮ್ಯಕ್ತ್ವದ ಅಂಗಗಳಲ್ಲಿ ಎಣಿಕೆಯಾಗಿರುವುದು ಇಂಥ ಮನೆಗಳಿಗಾಗಿಯೇ.

ಅಜ್ಜನು ಮೊಮ್ಮಗನನ್ನು ಹಂಗಿಸಲಿಲ್ಲವೆಂದು ಇಟ್ಟುಕೊಳ್ಳೋಣ. ಒಂದು ದಿನದ ಏಕಾಶನವನ್ನು ಹೇಳಿದನು. ಗೊಜ್ಜಿಗಾಗಿ ಅಷ್ಟೇ. ಗಿರಾಕಿಗಳ ಎದುರು ಮುದುಕನನ್ನು ಸುಳ್ಳುಗಾರನೆಂದದ್ದಕ್ಕೆ ಏಕಾಶನ ಸಾಲದು ಎಂದನು. ದಶಲಕ್ಷಣ ಪರ್ವ ಮುಗಿದು ಭಾದ್ರಪದ ಬಹುಳ ಪಾಡ್ಯದಂದು ಬಸದಿಯಲ್ಲಿ ಕ್ಷಮಾವಾಣಿ ನಡೆಯುತ್ತದೆ. ಅಂದು ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ಶ್ರಾವಕರು ಬಹುಮಟ್ಟಿಗೆ ಒಬ್ಬರಿಗೊಬ್ಬರು ಏನೂ ಅಪರಾಧ ಮಾಡಿರುವುದಿಲ್ಲ. ಅಪರಾಧಕ್ಕೆ ಈಡಾದವರು ಬಸದಿಯ ಹೊರಗಿರುತ್ತಾರೆ. ಮೊಮ್ಮಗನು ಅಂದು ಸಂಜೆ ಐದಕ್ಕೆ ಮಿರ್ಚಿ ಅಂಗಡಿಗೆ ಹೋದನು. ಬೆಂಚಿನ ಮೇಲೆ ಅದೇ ಗೆಳೆಯರಿದ್ದರು. ಅವರ ಎದುರಿನಲ್ಲಿಯೇ ಹೇಳಿದನು: “ಕಾಕಾ, ಅವತ್ತ ತಪ್ಪ ನಂದು. ಸರಿಯಾಗಿ ಹೇಳದ ಕೇಳಿದ್ದೆ. ನೆಲದಾಗ ಬೆಳೆಯೋ ಗಡ್ಡಿ ಯಾವೂ ನಾ ತಿನ್ನಂಗಿಲ್ಲ, ಬೇಯಿಸಿದ್ದೂ ಇಲ್ಲ.”

ಮುದುಕನು ಸ್ವಲ್ಪ ಹೊತ್ತು ಅವನನ್ನೇ ನೋಡಿ, “ಇಷ್ಟ ಅಂದಿದ್ರ ಆಗ ಮುಗೀತಿತ್ತಲ್ಲೋ” ಎಂದನು. ಚೀಲದಿಂದ ಒಣ ಮಂಡಕ್ಕಿ ತೆಗೆದು ಬೇರೆ ಬುಟ್ಟಿಗೆ ಸುರಿದು, ಪುಟಾಣಿ, ಶೇಂಗಾ ಹಾಕಿ, ಗೊಜ್ಜಿನಲ್ಲಿದ್ದ ಚಮಚವನ್ನು ಹೆಗಲ ಮೇಲಿನ ಬಟ್ಟೆಗೆ ಒರೆಸಿ ಅದರಿಂದಲೇ ಕಲಸಲು ಹೊರಟನು. ಮೊಮ್ಮಗನು ಅವನ ಕೈ ತಡೆದು, ಬುಟ್ಟಿಯನ್ನು ಹಾಗೆಯೇ ಇಸಿದುಕೊಂಡು ತನ್ನ ಕೈಯಿಂದ ಕಲಸಿ ತಿಂದನು. ಮನೆಗೆ ಬಂದು ಚಮಚದ ಸಂಗತಿ ಹೇಳಿದಾಗ ಅಜ್ಜನು ನಕ್ಕು, ನಾಳೆಯಿಂದ ಕಿಸೆಯಲ್ಲಿ ಒಂದು ಚಮಚ ಇಟ್ಟುಕೊಂಡು ಹೋಗೆಂದು ಹೇಳಿದನು.